ಮೂರನೇ ಪುಟ ಕಂಡವರುಂಟೇ?

“ಸಾಕ್ಷಿ ಭಾಳ ಖಾರ ಐತವ್ವಾ,” ಅಂದರು ಹವಾಲ್ದಾರ ಮಾಳಿಂಗರಾಯರು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಮಿರ್ಚಿಗೆ ಕೈ ಹಾಕುತ್ತಾ.

ನಾನು ಹಲ್ಲು ಕಚ್ಚಿ ಕೂತೆ. ಬೆಳಿಗ್ಗೆ ರೋಣದಲ್ಲಿ ತಿಂದಿದ್ದರು. ಆಮೇಲೆ ನರೇಗಲ್ಲಿನಲ್ಲಿ ತಿಂದಿದ್ದರು. ಈಗ ಗಜೇಂದ್ರಗಡದ ಬಸ್ ನಿಲ್ದಾಣದ ಎದುರು, ಯಂಕವ್ವನ ಅಂಗಡಿಯ ಬೆಂಚಿನ ಮೇಲೆ ಕೂತು ಮತ್ತೆ ತಿನ್ನುತ್ತಿದ್ದರು. ನರಗುಂದ ಠಾಣೆಯಿಂದ ನಿವೃತ್ತರಾದ ಮನುಷ್ಯ, ನನ್ನ ಮಾತಿಗೆ ಈ ತಪಾಸಿಗೆ ಇಳಿದವರು. ಎಣ್ಣೆಯ ಪದಾರ್ಥ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದಾರೆ, ಹೆಂಡತಿ ನಿಂಗವ್ವ ಆಣೆ ಮಾಡಿಸಿಕೊಂಡಿದ್ದಾಳೆ.

“ಕಾಕಾ, ಮಿರ್ಚಿ ಸುತ್ತೋ ಹಾಳಿ ಅಷ್ಟ ಕೇಳಿ ಇಸ್ಕೊಂಡ್ರ ಆಗೂದಿಲ್ಲೇನ್ರಿ?”

“ಬರೇ ಹಾಳಿ ಕೇಳಿದ್ರ ಜನಕ್ಕ ಗುಮಾನಿ ಬರ್ತೈತಿ. ತಪಾಸ ಅಂದ್ರ ಹಿಂಗ, ಮೈ ಮುರದು ಮಾಡಬೇಕು.” ಅವರ ಫೋನು ರಿಂಗಣಿಸಿತು. “ಹಾಂ, ನಿಂಗೀ... ಈಗಷ್ಟ ಮಜ್ಜಿಗಿ ಅನ್ನ ಉಂಡೆ. ಖರೇನ.” ಫೋನು ಕಿಸೆಗೆ ಹೋಯಿತು, ಮಿರ್ಚಿ ಬಾಯಿಗೆ ಹೋಯಿತು.

ಹೋದ ಶುಕ್ರವಾರ ನಮ್ಮ ‘ಗುಡ್ಡದ ಗುಡುಗು’ ವಾರಪತ್ರಿಕೆಯ ಇಡೀ ಸಂಚಿಕೆ, ಕಚೇರಿಗೆ ಬರುವ ಮೊದಲೇ ಮಾಯವಾಗಿತ್ತಲ್ಲ, ಅದರ ಬೆನ್ನು ಹತ್ತಿಯೇ ನಮ್ಮ ಈ ತಿರುಗಾಟ. ಪತ್ರಿಕೆ ಗದಗದಲ್ಲಿ ಅಚ್ಚಾಗಿ, ಎರಡು ಗಂಟಾಗಿ, ಬಸ್ಸಿನಲ್ಲಿ ಬರುತ್ತದೆ. ಎರಡೂ ಗಂಟನ್ನು ಎಂದಿನಂತೆ ಯಂಕವ್ವನ ಅಂಗಡಿಯ ಕಟ್ಟೆಗೆ ಇಳಿಸಿದೆ ಎಂದು ಕಂಡಕ್ಟರ್ ದೇವರ ಮೇಲೆ ಪ್ರಮಾಣ ಮಾಡಿದ. ತಾನು ನೀರು ತಂದು ನೋಡಿದರೆ ಕಟ್ಟೆ ಖಾಲಿ ಇತ್ತು ಎಂದಳು ಯಂಕವ್ವ. ಎಲ್ಲರೂ ಯಂಕವ್ವನನ್ನು ನಂಬಿದೆವು. ಚಿಲ್ಲರೆ ಉಳಿಸಿಕೊಳ್ಳುವ ಕಂಡಕ್ಟರನನ್ನು ಯಾರು ನಂಬುತ್ತಾರೆ?

ಆ ಸಂಚಿಕೆಯ ಮುಖಪುಟ ನನ್ನದು. ಪತ್ರಿಕೆಗೆ ಇರುವ ಒಬ್ಬಳೇ ವರದಿಗಾರ್ತಿ ನಾನು, ಉಮಾ. ‘ಎಲ್ಲಿಂದಲೋ ಬಂದು ಎಲ್ಲಿಗೂ ಹೋಗದ ಗಟಾರ!’ ಎಂಬುದು ತಲೆಬರಹ. ಗುತ್ತಿಗೆದಾರ ಅರ್ಧಕ್ಕೇ ಕೈಬಿಟ್ಟು ಪೂರ್ತಿ ಬಿಲ್ಲು ಎತ್ತಿದ ಗಟಾರದ ಗುಂಟ ಮೂಗು ಮುಚ್ಚಿಕೊಂಡು ನಡೆದು ಬರೆದ ಸುದ್ದಿ ಅದು. ಪತ್ರಿಕೆ ಕಳುವಾದಾಗ ಎಲ್ಲರೆದುರು ನಾನು ಅತ್ತೆ. ಮನೆಗೆ ಹೋಗಿ ಕನ್ನಡಿಯ ಮುಂದೆ ನಕ್ಕೆ. ನನ್ನ ಬರಹಕ್ಕೂ ಹೆದರುವವರಿದ್ದಾರೆ ಅಂದರೆ ಸಣ್ಣ ಮಾತೇ?

ನಮ್ಮ ಸಂಪಾದಕ ಅರ್ಜುನಪ್ಪನವರ ಹಿಗ್ಗು ನನ್ನದಕ್ಕಿಂತ ದೊಡ್ಡದು. ಸೋಮವಾರದಿಂದ ತಹಸೀಲ್ದಾರ ಕಚೇರಿಯೆದುರು ಶಾಮಿಯಾನ ಹಾಕಿ, ‘ಪತ್ರಿಕಾ ಸ್ವಾತಂತ್ರ್ಯದ ಕಗ್ಗೊಲೆ’ ಎಂಬ ಬ್ಯಾನರಿನ ಕೆಳಗೆ ಸರದಿ ಉಪವಾಸ ಕೂತಿದ್ದರು. ಸರದಿಯಲ್ಲಿದ್ದವರು ಅವರೊಬ್ಬರೇ. ಬಾಯಿಗೆ ಕಪ್ಪು ಬಟ್ಟೆ ಕಟ್ಟಿಕೊಂಡಿದ್ದರು. ಆದರೆ ಭಾಷಣ ಮಾಡುವ ಆಸೆಗೆ ಅದನ್ನು ಗಳಿಗೆಗೊಮ್ಮೆ ಗದ್ದಕ್ಕೆ ಇಳಿಸುತ್ತಿದ್ದರು. ಶಾಮಿಯಾನ, ಕುರ್ಚಿ, ಮೈಕು ಎಲ್ಲವನ್ನೂ ಪುಕ್ಕಟೆ ಕೊಟ್ಟವನು ‘ದ್ಯಾಮೇಶ ಶಾಮಿಯಾನ ಮತ್ತು ಸೌಂಡ್ಸ್’ನ ದ್ಯಾಮೇಶ. ‘ಪತ್ರಿಕಾ ಅಂದ್ರ ನನ್ನ ಪ್ರಾಣ’ ಅನ್ನುತ್ತಿದ್ದ. ಈ ಪ್ರಾಣವನ್ನು ಅವನು ಒಂದು ದಿನವೂ ಕೊಂಡು ಓದಿದ್ದಿಲ್ಲ.

ಇವತ್ತು ಬೆಳಿಗ್ಗೆ ರೋಣದಲ್ಲಿ ನನ್ನ ಎದೆ ಒಡೆಯಿತು. ಹವಾಲ್ದಾರರಿಗೆ ಕೊಟ್ಟ ಮಿರ್ಚಿ ನನ್ನ ಗಟಾರದಲ್ಲಿ ಸುತ್ತಿಕೊಂಡು ಬಂದಿತ್ತು.

“ಯವ್ವಾ ಉಮಾ, ಆ ನೀರಿನ ಕೊಡ ಈ ಕಡಿ ಸರಸ. ನನ್ನ ಮಣಕಾಲು ಹಿಡದಾವು,” ಎಂದಳು ಯಂಕವ್ವ. ಕಡಲೆಹಿಟ್ಟಿನ ಬುಟ್ಟಿಯ ಹಿಂದೆ ಗೋಣಿಚೀಲ ಹಾಸಿಕೊಂಡು ಎತ್ತರಕ್ಕೆ ಕೂತಿದ್ದಳು. ಮಿರ್ಚಿ ಇಸಿದುಕೊಳ್ಳಲು ನಾನು ಕೈ ಮೇಲೆತ್ತಬೇಕಾಯಿತು. ಗಂಡ ತೀರಿಕೊಂಡ ಮೇಲೆ ಈ ಒಂದು ಬಾಣಲೆಯ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ದಡ ಹತ್ತಿಸಿದವಳು. ನಾನು ಶಾಲೆಗೆ ಹೋಗುವಾಗ ಕಾಸಿಲ್ಲದ ದಿನ ಉದ್ದರಿ ಮಿರ್ಚಿ ಕೊಟ್ಟವಳು. ಕೊಡ ಸರಿಸಿದೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಇಬ್ಬರು ರೈತರು ತಿಂದು ಮುಗಿಸಿ, ಎಣ್ಣೆಯ ಹಾಳೆಯನ್ನು ಬಿಸಿಲಿಗೆ ಹಿಡಿದಿದ್ದರು.

“ಲೇ, ಇದು ನಮ್ಮ ಓಣಿ ಗಟಾರ ನೋಡ್ಲೆ! ‘ಗುತ್ತಿಗೆದಾರರನ್ನು ಕೇಳಿದಾಗ ಅವರು...’ ಮುಂದ ಹರದೈತಿ.”

“ಮುಂದಿಂದು ನನ್ನ ಹಾಳ್ಯಾಗ ಐತಿ, ತಾಳು. ‘ಫೋನ್ ಕಟ್ ಮಾಡಿದರು.’”

ಇಬ್ಬರೂ ಬಿದ್ದು ಬಿದ್ದು ನಕ್ಕರು, ಹಾಳೆ ಅದಲುಬದಲು ಮಾಡಿಕೊಂಡು ಮತ್ತೆ ಓದಿದರು. ನನ್ನ ಸುದ್ದಿಯನ್ನು ಜನ ಓದುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಖುಷಿಗೆ ಬೆಂಚಿನ ಮೇಲೆ ಅವರ ಕಡೆಗೆ ಸರಿದು ಕೂತೆ. ಆ ಖುಷಿಯ ಹಿಂದೆಯೇ ಸಿಟ್ಟೂ ಬಂತು. ಇದನ್ನು ಮುಚ್ಚಿಡಲೆಂದು ಕದ್ದವನು ಮೂರೂರಿಗೆ ಹಂಚಿಸುತ್ತಾನೇನು?

ಹವಾಲ್ದಾರರು ಮೂರೂ ಊರಿನ ಹಾಳೆಗಳನ್ನು ಬೆಂಚಿನ ಮೇಲೆ ಹರವಿ, ಹಿಟ್ಟಿನ ಚೂರು ಕೊಡವಿ, ಒಂದೊಂದರ ಮೂಲೆಯನ್ನೂ ಬೆರಳಿನಿಂದ ಒರೆಸಿದರು. “ಪುಟದ ನಂಬರ್ ಓದವ್ವಾ.”

“ಒಂದು... ಎರಡು... ಏಳು... ಎಂಟು... ಮತ್ತ ಒಂದು... ಏಳು...”

“ಮೂರು?”

ಇರಲಿಲ್ಲ. ನಾಲ್ಕು, ಐದು, ಆರೂ ಇರಲಿಲ್ಲ. ಪಕ್ಕದವರ ಹಾಳೆ ಇಸಿದುಕೊಂಡು ನೋಡಿದೆ, ಕಸದ ಡಬ್ಬಿಗೂ ಕೈ ಹಾಕಿದೆ. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು.

“ಕಾಕಾ, ನಮ್ಮ ಪೇಪರಿಗೆ ಎರಡು ದೊಡ್ಡ ಹಾಳಿ ಇರ್ತಾವ್ರಿ. ಹೊರಗಿನ ಹಾಳಿ ಮಡಚಿದ್ರ ಒಂದು, ಎರಡು, ಏಳು, ಎಂಟು. ಒಳಗಿನ ಹಾಳಿ ಮಡಚಿದ್ರ ಮೂರರಿಂದ ಆರು. ಪ್ರೆಸ್ಸಿನ್ಯಾಗ ಅವನ್ನ ಬ್ಯಾರೆ ಬ್ಯಾರೆ ಗಂಟು ಕಟ್ಟಿ ಕಳಸ್ತಾರ. ಒಂದರೊಳಗ ಒಂದು ಸೇರಸೂದು ನಾವ, ಆಫೀಸಿನ್ಯಾಗ.”

“ಅಂದ್ರ ಒಂದು ಗಂಟು ರದ್ದಿಗೆ ಹೋಗೈತಿ. ಇನ್ನೊಂದು ಎಲ್ಲೋ ಕುಂತೈತಿ. ಒಳಗಿನ ಹಾಳ್ಯಾಗ ಏನಿತ್ತು?”

“ಗೊತ್ತಿಲ್ರಿ. ಒಳಪುಟ ಸಂಪಾದಕರು ನೋಡ್ಕೋತಾರ. ಹುಟ್ಟುಹಬ್ಬ, ಶ್ರದ್ಧಾಂಜಲಿ, ಜಾಹೀರಾತು. ಅದನ್ನ ಯಾರ್ ಕದೀತಾರ?”

“ಅದನ್ನ ಕದ್ದಾರಲ್ಲ ಈಗ,” ಎಂದು ಹವಾಲ್ದಾರರು ತೇಗಿದರು. “ಯಂಕವ್ವಾ, ಈ ರದ್ದಿ ಯಾರ ಕಡಿಂದ ತಗೊಂಡಿ?”

ಯಂಕವ್ವ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. “ಯಾವಾಗ್ಲೂ ತಗೊಳ್ಳಾವ್ರ ಕಡಿಂದನ ರೀ. ಕಾಶೀಂಸಾಬ್ರ ಕಡಿಂದ.”

ಕಾಶೀಂಸಾಬರ ರದ್ದಿ ಅಂಗಡಿ ನಿಲ್ದಾಣದ ಹಿಂದಿನ ಓಣಿಯಲ್ಲೇ. ಈ ಕಡೆಯ ಬಜಿ ಅಂಗಡಿಗಳಿಗೆಲ್ಲ ಹಾಳೆ ಹೋಗುವುದು ಅವರ ತಕ್ಕಡಿಯಿಂದಲೇ. ಕಳುವಿನ ಮಾಲು ಎಂಬ ಮಾತು ನಮ್ಮ ಬಾಯಿಂದ ಬಿದ್ದದ್ದೇ ತಡ, ಅವರು ಕೆಂಡವಾದರು.

“ಕಳುವಿನ ಮಾಲಾ? ತೋಬಾ! ನಿಮ್ಮ ಸಂಪಾದಕ ಸಾಹೇಬ್ರ ಖುದ್ದ ತಂದು ಹಾಕ್ಯಾರ್ರಿ! ಪ್ರತಿ ವಾರ ಖರ್ಚಾಗದಿದ್ದ ಪೇಪರ್ ನನಗ ಹಾಕ್ತಾರಲ್ಲ, ಹಂಗ. ಈ ಸಲ ಒಂದೂ ಹಂಚದ ಪೂರಾ ಗಂಟ ಹಾಕಿದ್ರು. ಒಳಗಿನ ಹಾಳಿ ಇಲ್ಲ, ತೂಕ ಬರೂದಿಲ್ಲ ಅಂತ ನಾನ ಜಗಳಾ ಮಾಡೀನಿ!”

ಕಳುವಾಯಿತೆಂದು ಉಪವಾಸ ಕೂತವರೇ ತಂದು ಮಾರಿದ್ದಾರೆ! ಸಿಟ್ಟಿನಲ್ಲಿ ನಾನು ತಹಸೀಲ್ದಾರ ಕಚೇರಿಯತ್ತ ನುಗ್ಗಿದೆ. ಹವಾಲ್ದಾರರು ಮಾತ್ರ ನಿಧಾನಕ್ಕೆ ಯಂಕವ್ವನ ಕಡೆ ಹೋಗಿ, ಬಿಸಿ ಬಿಸಿ ಮಿರ್ಚಿ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದರು.

“ಇನ್ನೂ ತಿಂತೀರೇನ್ರಿ, ಕಾಕಾ?”

“ಇದು ನನಗಲ್ಲವ್ವಾ. ಇದು ವಿಚಾರಣೆಗೆ.”

ಶಾಮಿಯಾನದಲ್ಲಿ ಅರ್ಜುನಪ್ಪನವರು ಗಾದಿಗೆ ಒರಗಿ, ಕಪ್ಪು ಬಟ್ಟೆಯನ್ನು ಗದ್ದಕ್ಕೆ ಇಳಿಸಿ, ನೊಣ ಓಡಿಸುತ್ತಿದ್ದರು. ದ್ಯಾಮೇಶ ಪಕ್ಕದಲ್ಲಿ ಕೂತು ಮೈಕಿನ ವೈರು ಸುತ್ತುತ್ತಿದ್ದ. ನಮ್ಮನ್ನು ಕಂಡ ಕೂಡಲೇ ಸಂಪಾದಕರು ಬಟ್ಟೆ ಮೇಲೇರಿಸಿಕೊಂಡರು.

ಹವಾಲ್ದಾರರು ಅವರ ಮಗ್ಗಲಿಗೇ ಪದ್ಮಾಸನ ಹಾಕಿ ಕೂತು, ಪೊಟ್ಟಣ ಬಿಚ್ಚಿದರು. ವಾಸನೆ ಶಾಮಿಯಾನ ತುಂಬಿತು. ಕಪ್ಪು ಬಟ್ಟೆಯ ಮೇಲೆ ಸಂಪಾದಕರ ಮೂಗು ಅರಳಿತು.

“ಏನ್ರಿ ಹವಾಲ್ದಾರ್ರ ಇದು? ಉಪವಾಸದ ಜಾಗಾ!” ಎಂದರು ಬಟ್ಟೆಯೊಳಗಿನಿಂದಲೇ.

“ತಿನ್ನಾಕಲ್ರಿ. ನಿಮಗ ತೋರಸಾಕ. ಈ ಹಾಳಿ ನೋಡ್ರಿ, ನಿಮ್ಮ ಮುಖಪುಟ. ಸಿಕ್ತು ಅಂತ ಸಂತೋಷ ಪಡ್ರಿ.” ಮಿರ್ಚಿಯೊಂದನ್ನು ಮುರಿದರು. ಹಬೆ ಎದ್ದಿತು. “ಕಾಶೀಂಸಾಬ್ರು ನಿಮ್ಮನ್ನ ಭಾಳ ನೆನಸಿದ್ರು.”

ಸಂಪಾದಕರ ಕಣ್ಣು ಮಿರ್ಚಿಯ ಮೇಲೆ, ನನ್ನ ಕಣ್ಣು ಅವರ ಮೇಲೆ.

“ಸರ್ರ, ನೀವ ಮಾರೀರಿ?” ಎಣ್ಣೆಯ ಹಾಳೆಯನ್ನು ಅವರ ಮುಂದೆ ಹಿಡಿದೆ. “ನನ್ನ ಗಟಾರ ನೀವ ಮಾರೀರಿ?”

ಅವರು ಬಟ್ಟೆ ಇಳಿಸಿದರು. ಕೊರಳಿನ ಹಾರದಿಂದ ಹೂವೊಂದನ್ನು ಕಿತ್ತು ಚಿವುಟಿದರು. “ಶುಕ್ರವಾರ ಯಂಕವ್ವನ ಕಟ್ಟಿಗೆ ಹೋದೆನವ್ವಾ. ಒಂದ ಗಂಟಿತ್ತು. ಒಳಗಿನ ಹಾಳಿ ಇರಲಿಲ್ಲ. ಅರ್ಧ ಪೇಪರ್ ಹಂಚಿದ್ರ ಜನ ನಗ್ತಾರ. ಪೂರಾ ಕಳುವಾತು ಅಂದ್ರ ಹಾರ ಹಾಕ್ತಾರ. ಅದಕ್ಕ ಒಂದು ಗಂಟು ಬಂದಿದ್ದು ಯಾರಿಗೂ ಹೇಳಬ್ಯಾಡ ಅಂತ ಯಂಕವ್ವಗ ಕೈ ಮುಗದೆ. ಜಾಗಾ ಖಾಲಿ ಮಾಡಬೇಕಿತ್ತು, ರದ್ದಿಗೆ ಹಾಕಿದೆ.”

“ಪತ್ರಿಕಾ ಸ್ವಾತಂತ್ರ್ಯದ ಕಗ್ಗೊಲಿ ಅಂದ್ರಲ್ರಿ?”

“ಅರ್ಧ ಕಗ್ಗೊಲಿ ಅಂತೂ ಖರೇ ಆಗೇತಿ!” ಎಂದು ಗುಡುಗಿದರು ಸಂಪಾದಕರು. “ಆ ಇನ್ನೊಂದು ಗಂಟು ನಾ ಮುಟ್ಟಿಲ್ಲ. ನನ್ನ ತಾಯಾಣಿ. ಅದನ್ನ ಯಾರೋ ಕದ್ದಾರ!”

ಹವಾಲ್ದಾರರು ಮಿರ್ಚಿಯ ಅರ್ಧ ಭಾಗವನ್ನು ಅವರ ಮೂಗಿನ ಹತ್ತಿರ ಹಿಡಿದರು. “ಅದರಾಗ ಏನಿತ್ತು?”

“ಗೊತ್ತಿಲ್ರಿ.”

“ನಿಮ್ಮ ಪೇಪರ್ರಿ!”

“ಜಾಹೀರಾತು ನಾ ಓದೂದಿಲ್ಲ. ಸಂಪಾದಕ ಆದಾವ ಜಾಹೀರಾತು ಓದಬಾರದು. ಅದು ನನ್ನ ತತ್ವ. ಪ್ರೆಸ್ಸಿನವರು ಫೋನಿಗೆ ಕಳಸ್ತಾರ, ನಾ ಕಣ್ಣು ಮುಚ್ಚಿ ‘ಓಕೆ’ ಒತ್ತತೀನಿ.”

ಫೋನು ಕಸಿದುಕೊಂಡೆ. ಮೂರನೇ ಪುಟ ಅದರಲ್ಲೇ ಇತ್ತು! ಊರೆಲ್ಲ ಹುಡುಕುತ್ತಿದ್ದ ಪುಟವನ್ನು ಈ ಮನುಷ್ಯ ಸೊಂಟಕ್ಕೆ ಕಟ್ಟಿಕೊಂಡು ಉಪವಾಸ ಕೂತಿದ್ದ. ಎರಡು ಹುಟ್ಟುಹಬ್ಬ, ಒಂದು ಶ್ರದ್ಧಾಂಜಲಿ, ಅವುಗಳ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಚೌಕ. ಗಟ್ಟಿಯಾಗಿ ಓದಿದೆ.

“‘ಹಳೇಪೇಟೆ ಮಳಿಗೆ ಸಮಿತಿ. ಹರಾಜು ಪ್ರಕಟಣೆ. ಬಸ್ ನಿಲ್ದಾಣದ ಎದುರಿನ ಸಮಿತಿಯ ಮಳಿಗೆಗಳನ್ನು ಹೊಸದಾಗಿ ಹರಾಜು ಹಾಕಲಾಗುವುದು. ಹಾಲಿ ಬಾಡಿಗೆದಾರರೂ ಸೇರಿದಂತೆ ಆಸಕ್ತರು ಗುರುವಾರ ಸಂಜೆ ಐದರ ಒಳಗೆ ಕಚೇರಿಗೆ ಖುದ್ದಾಗಿ ಬಂದು ಹೆಸರು ಬರೆಸತಕ್ಕದ್ದು. ಬರೆಸದವರ ಹಕ್ಕು ರದ್ದಾಗುವುದು...’”

ಇವತ್ತು ಗುರುವಾರ. ತಹಸೀಲ್ದಾರ ಕಚೇರಿಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು.

“ಯಂಕಕ್ಕನ ಅಂಗಡಿ!” ಎಂದು ಚೀರಿದೆ. “ಕಾಕಾ, ಆಕೀಗೆ ಗೊತ್ತ ಇಲ್ಲ! ಅಂಗಡಿ ಹೋಗ್ತೈತ್ರಿ!”

ಹವಾಲ್ದಾರರು ಪೊಟ್ಟಣವನ್ನು ಅಲ್ಲೇ ಬಿಟ್ಟು ಎದ್ದರು. ದ್ಯಾಮೇಶನ ಕುರ್ಚಿ ಖಾಲಿಯಾಗಿತ್ತು, ಸುತ್ತದ ವೈರು ನೆಲದ ಮೇಲೆ ಬಿದ್ದಿತ್ತು. ನಾನು ಅದನ್ನು ಎಡವಿ, ಬೈದು, ಓಡಿದೆ. ಹಿಂತಿರುಗಿ ನೋಡಿದಾಗ ಸಂಪಾದಕರ ಕಪ್ಪು ಬಟ್ಟೆ ಗದ್ದದ ಮೇಲಿತ್ತು, ಪೊಟ್ಟಣ ಖಾಲಿಯಾಗಿತ್ತು.

ಯಂಕವ್ವ ಎತ್ತರದಲ್ಲಿ ಕೂತು ಮೆಣಸಿನಕಾಯಿ ಸೀಳುತ್ತಿದ್ದಳು. ಏದುಸಿರು ಬಿಡುತ್ತಾ ಇದ್ದದ್ದನ್ನೆಲ್ಲ ಒದರಿದೆ. ಹರಾಜು, ಐದು ಗಂಟೆ, ಖುದ್ದಾಗಿ ಹೆಸರು. ಅವಳು ಹೌಹಾರುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ನಾನು ಸಮಾಧಾನ ಮಾಡಬೇಕು ಎಂದುಕೊಂಡಿದ್ದೆ. ಅವಳು ಇನ್ನೊಂದು ಮೆಣಸಿನಕಾಯಿ ಸೀಳಿದಳು.

ಹವಾಲ್ದಾರರು ಬಂದು, ಬಾಣಲೆಯ ಮುಂದೆ ನಿಂತು, ತಲೆ ಮೇಲೆತ್ತಿ ಅವಳನ್ನು ನೋಡಿದರು. “ಯಂಕವ್ವಾ, ನಾ ನಿನ್ನ ಅಂಗಡಿಗೆ ಹೋದ ತಿಂಗಳೂ ಬಂದಿದ್ದೆ. ಆವಾಗ ತಲಿ ಬಗ್ಗಿಸಿ ರೊಕ್ಕ ಕೊಟ್ಟಿದ್ದೆ. ಇವತ್ತು ಕುತ್ತಿಗಿ ನೋಯಾಕತ್ತೈತಿ. ಒಂದೀಟು ಏಳು.”

“ಮಣಕಾಲು ಹಿಡದಾವ್ರಿ.”

“ಏಳವ್ವಾ.”

“ಎಣ್ಣಿ ಕಾದೈತ್ರಿ.”

“ಯಂಕಕ್ಕಾ...” ಎಂದೆ. ಗೋಣಿಚೀಲದ ಅಂಚಿನಿಂದ ಪ್ರೆಸ್ಸಿನ ನೀಲಿ ಪ್ಲಾಸ್ಟಿಕ್ ಪಟ್ಟಿ ಇಣುಕುತ್ತಿತ್ತು. ಪ್ರತಿ ಶುಕ್ರವಾರ ನನ್ನ ಕೈಯಿಂದಲೇ ಕತ್ತರಿಸುವ ಪಟ್ಟಿ ಅದು.

ಯಂಕವ್ವ ಸ್ಟೋವ್ ಸಣ್ಣ ಮಾಡಿದಳು. ಕಣ್ಣು ತುಂಬಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

“ಹೌದ್ರಿ, ಕುಂತೀನಿ. ಆರು ದಿನದಿಂದ ಇದರ ಮ್ಯಾಲೆ ಕುಂತೀನಿ. ಏನ್ ಮಾಡ್ಲಿ? ಪೇಪರಿನ್ಯಾಗ ಬಂದ್ರ ಊರ ಮಂದಿ ಎಲ್ಲಾ ಹರಾಜಿಗೆ ಬರ್ತಾರ. ದುಡ್ಡಿದ್ದಾವರ ಮುಂದ ನಾ ಹ್ಯಾಂಗ ಕೂಗ್ಲಿ? ಯಾರೂ ಓದದಿದ್ರ ಅಂಗಡಿ ನನಗ ಉಳೀತೈತಿ ಅಂದ.”

“ಯಾರ್ ಅಂದಾವ?”

“ದ್ಯಾಮೇಶ. ಸಮಿತಿ ಮೀಟಿಂಗಿಗೆ ಕುರ್ಚಿ ಹಾಕಾಕ ಹೋದಾಗ ಕೇಳ್ಕೊಂಡು ಬಂದಿದ್ನಂತ. ಯಾವ ಗಂಟು ಅಂತ ಅವನ ತೋರಿಸಿದ. ‘ಬಾಯಿ ಮುಚ್ಚಿ ಕುಂಡ್ರು ಅಕ್ಕಾ, ನಿನ್ನ ಹೆಸರು ನಾನ ಬರಸ್ತೀನಿ’ ಅಂದ.”

ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲೇ ಉಳಿದಿದ್ದ ಸಂಪಾದಕರ ಫೋನನ್ನು ಅವಳ ಮುಖಕ್ಕೆ ಹಿಡಿದೆ. “ಖುದ್ದಾಗಿ ಅಂತ ಐತಿ ಯಂಕಕ್ಕಾ! ನಿನ್ನ ಹೆಸರು ಅವ ಬರಸಾಕ ಬರೂದ ಇಲ್ಲ! ಅವ ತನ್ನ ಹೆಸರು ಬರಸ್ಯಾನ. ಮೂರನೇ ಪುಟದ ಕಡಿ ಯಾರೂ ನೋಡಬಾರದು, ನಾವು ಗಟಾರ ಗಟಾರ ಅಂತ ಒದರ್ಲಿ ಅಂತ ಶಾಮಿಯಾನ ಹಾಕಿ ಕೊಟ್ಟಾನ!”

ಸೀಳಿದ ಮೆಣಸಿನಕಾಯಿ ಯಂಕವ್ವನ ಕೈಯಿಂದ ಜಾರಿ ಹಿಟ್ಟಿಗೆ ಬಿತ್ತು.

ನನ್ನ ಬೆರಳು ಫೋನಿನ ಮೇಲಿತ್ತು. ಊರಿನ ವಾಟ್ಸಾಪ್ ಗುಂಪಿಗೆ ಒತ್ತಿದರೆ ಸಾಕು, ಮೂರನೇ ಪುಟ ಎಲ್ಲರ ಕೈಗೆ. ಪತ್ರಕರ್ತೆಯಾಗಿ ಒತ್ತಬೇಕು. ಆದರೆ ಉದ್ದರಿ ಮಿರ್ಚಿ ತಿಂದವಳಾಗಿ? ಒತ್ತಿದರೆ ಸಿಮೆಂಟಿನ ಅಂಗಡಿಯವನು, ಮೊಬೈಲಿನವನು ಎಲ್ಲರೂ ಓಡಿಬರುತ್ತಾರೆ. ಒತ್ತದಿದ್ದರೆ ದ್ಯಾಮೇಶ ಒಬ್ಬನೇ. ಹವಾಲ್ದಾರರ ಮುಖ ನೋಡಿದೆ. ಅವರು ಆಕಾಶ ನೋಡಿದರು.

“ಅಕ್ಕಾ, ಇದನ್ನ ಹಂಚಿದ್ರ ದುಡ್ಡಿದ್ದಾವರೂ ಬರ್ತಾರ. ಅಂಗಡಿ ಹೋದ್ರೂ ಹೋದೀತು.”

ಯಂಕವ್ವ ಎದ್ದು ನಿಂತಳು. ಮಣಕಾಲು ಹಿಡಿದಿರಲಿಲ್ಲ, ಎಂಥದೂ ಇರಲಿಲ್ಲ. ಗೋಣಿಚೀಲ ಕಿತ್ತು ಒಗೆದು, ಗಂಟಿನ ನೀಲಿ ಪಟ್ಟಿಯನ್ನು ಮೆಣಸಿನಕಾಯಿ ಚಾಕುವಿನಿಂದ ಹರಿದಳು.

“ಹೋಗೂದಿದ್ರ ಎಲ್ಲಾರ ಮುಂದ ಹೋಗ್ಲಿ. ನನ್ನ ಕುಂಡಿ ಬುಡಕ ಹೋಗೂದು ಬ್ಯಾಡ!” ಎಂದಳು. ತಟ್ಟೆಯಲ್ಲಿದ್ದ ಮಿರ್ಚಿಯನ್ನೆಲ್ಲ ಮೂರನೇ ಪುಟದಲ್ಲಿ ಸುತ್ತಿ ಸುತ್ತಿ ಹಂಚತೊಡಗಿದಳು. “ತಗೋರೆಪಾ, ಇವತ್ತು ಪುಕ್ಕಟೆ! ಮೊದ್ಲ ಓದ್ರಿ, ಆಮ್ಯಾಲೆ ತಿನ್ರಿ!”

ಜನ ಮುಗಿಬಿದ್ದರು. ಚಪ್ಪಲಿ ಹೊಲಿಯುವವರು ಓದಿದರು, ಚಹಾದ ಅಂಗಡಿಯ ಬಿಸ್ಮಿಲ್ಲಾ ಓದಿದ, ಗಡಿಯಾರ ರಿಪೇರಿಯವರು ಭೂತಗನ್ನಡಿ ಇಟ್ಟು ಓದಿದರು. ಎಲ್ಲರ ಅಂಗಡಿಯೂ ಆ ಚೌಕದೊಳಗಿತ್ತು. “ಇವತ್ತ ಅಂತಲ್ಲೋ! ಐದಕ್ಕ ಅಂತಲ್ಲೋ!” ಎಂಬ ಗದ್ದಲವೆದ್ದಿತು. ‘ಗುಡ್ಡದ ಗುಡುಗು’ ಹುಟ್ಟಿದಾಗಿನಿಂದ ಒಂದು ಪುಟವನ್ನು ಇಷ್ಟು ಜನ ಒಟ್ಟಿಗೆ ಓದಿದ್ದಿಲ್ಲ. ನನಗೆ ಅಳು ಬಂತು, ಈ ಸಲ ಖರೇ ಅಳು.

ಹವಾಲ್ದಾರರು ಸ್ಕೂಟರ್ ಒದ್ದರು. “ಏರು ಯಂಕವ್ವಾ! ಇನ್ನೂ ಹೊತ್ತೈತಿ. ಸಮಿತಿ ಆಫೀಸು ಇಲ್ಲೇ ಮೂಲ್ಯಾಗ.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಅವಳ ಬೆನ್ನಿಗೆ ಬಿಸ್ಮಿಲ್ಲಾ, ಚಪ್ಪಲಿಯವರು, ಗಡಿಯಾರದವರು, ಕೈಯಲ್ಲಿ ಎಣ್ಣೆಯ ಹಾಳೆ ಹಿಡಿದು ಸಾಲಾಗಿ ಹೊರಟರು.

ಆಗ ತಹಸೀಲ್ದಾರ ಕಚೇರಿಯ ಕಡೆಯಿಂದ ಮೈಕು ಕರ್‍ರೆಂದಿತು. ದ್ಯಾಮೇಶನ ದನಿ ಊರ ತುಂಬ ಹರಿಯಿತು.

“ಹಲೋ... ಹಲೋ... ಬಂಧುಗಳೇ! ಪತ್ರಿಕಾ ಸ್ವಾತಂತ್ರ್ಯದ ನಮ್ಮ ಈ ಹೋರಾಟಕ್ಕ ಬೆಂಬಲ ಕೊಟ್ಟು, ಹಳೇಪೇಟೆ ಮಳಿಗೆ ಸಮಿತಿ ಕಾರ್ಯದರ್ಶಿಗಳು ಈಗಷ್ಟ ತಮ್ಮ ಕಚೇರಿಗೆ ಬೀಗಾ ಹಾಕಿ, ಅರ್ಜುನಪ್ಪ ಸಾಹೇಬ್ರ ಜೋಡಿ ಉಪವಾಸಕ್ಕ ಕುಂತಾರ! ನಾಳೆ ಮುಂಜಾನಿತನಕ ಏಳೂದಿಲ್ಲ ಅಂತ ಶಪಥ ಮಾಡ್ಯಾರ! ಎಲ್ಲಾರೂ ಜೋರಾಗಿ ಚಪ್ಪಾಳಿ!”

ಐದಕ್ಕೆ ಮೊದಲೇ ಬೀಗ ಬಿದ್ದ ಆ ಕಚೇರಿಯ ಪಟ್ಟಿಯಲ್ಲಿ ಈಗ ದ್ಯಾಮೇಶನದೊಂದೇ ಹೆಸರು. ಬಸ್ ನಿಲ್ದಾಣದಲ್ಲಿ ನಿಂತಿದ್ದ ಯಾರೋ ಪುಣ್ಯಾತ್ಮರು ಚಪ್ಪಾಳೆ ತಟ್ಟಿಯೂ ಬಿಟ್ಟರು.